ಊರ ಬಾಯಿಂದ ಕಲಿತ ಮಾತು

ವೀರಾಜಪೇಟೆಯಿಂದ ಗೋಣಿಕೊಪ್ಪಲಿಗೆ ಹೋಗುವ ದಾರಿಯಲ್ಲಿ ಬಿಟ್ಟಂಗಾಲವೆಂಬ ಊರಿದೆ. 1994ರ ಜೂನ್ ತಿಂಗಳಲ್ಲಿ, ಕೊಡಗಿನ ಮಳೆ ಹಿಡಿದ ಮೊದಲ ವಾರದಲ್ಲಿ, ಕನ್ನಡ ಪಂಡಿತನಾಗಿ ಆ ಕಡೆಗೆ ಬಂದ ನಾನು ಅಲ್ಲಿ ಒಂದು ಕೋಣೆಯನ್ನು ಬಾಡಿಗೆಗೆ ಹಿಡಿದೆ. ಮೈಸೂರು ಸೀಮೆಯ ಬಯಲಿನಲ್ಲಿ ಹುಟ್ಟಿ ಬೆಳೆದವನು ನಾನು. ಪಂಪ ರನ್ನರನ್ನು ಓದಿದ್ದೆ, ಕೇಶಿರಾಜನ ಸೂತ್ರಗಳನ್ನು ಉರು ಹಚ್ಚಿದ್ದೆ. ಭಾಷೆಯ ವಿಷಯದಲ್ಲಿ ನನಗೆ ಯಾರೂ ಏನನ್ನೂ ಹೇಳಿಕೊಡಬೇಕಾದದ್ದಿಲ್ಲವೆಂಬ ಭಾವನೆ ಆಗ ಮನಸ್ಸಿನಲ್ಲಿ ಗಟ್ಟಿಯಾಗಿಯೇ ಇತ್ತು.

ಶಾಲೆ ಸೇರಿ ಹದಿನೈದು ದಿನವಾಗಿರಬಹುದು. ಎಂಟನೆಯ ತರಗತಿಯ ಹುಡುಗನೊಬ್ಬ ಮೂರು ದಿನ ಸತತವಾಗಿ ಪಾಠ ಒಪ್ಪಿಸಲಿಲ್ಲ. ನನಗೆ ಸಿಟ್ಟು ಬಂತು. "ನಾಳೆ ನಿನ್ನ ತಾಯಿಯನ್ನು ಕರೆದುಕೊಂಡು ಬಾ" ಎಂದೆ. ಮರುದಿನ ಅವನು ಎಪ್ಪತ್ತು ದಾಟಿದ ಮುದುಕಿಯೊಬ್ಬರನ್ನು ಕೊಡೆಯಡಿಯಲ್ಲಿ ನಿಧಾನವಾಗಿ ನಡೆಸಿಕೊಂಡು ಬಂದ. "ತಾಯಿಯನ್ನಲ್ಲವೇನೋ ಕರೆತಾ ಎಂದದ್ದು?" ಎಂದು ಗದರಿದೆ. "ಇವರೇ ಸಾರ್, ತಾಯಿ" ಎಂದ. ಕೊಡವ ಮಾತಿನಲ್ಲಿ ಹೆತ್ತವಳು ಅವ್ವ. ತಾಯಿ ಎಂದರೆ ಅಜ್ಜಿ. ಹುಡುಗನಿಗೆ ಕನ್ನಡದ ತಾಯಿ ಯಾರೆಂದು ತಿಳಿಯದೆ ಇರಲಿಲ್ಲ. ಅವ್ವನ ಕೈ ಬಿರುಸು, ಅಜ್ಜಿಯ ಮನಸ್ಸು ಮೆತ್ತಗೆ. ಎರಡು ಭಾಷೆಯ ನಡುವಣ ಸಂದಿಯಲ್ಲಿ ನುಸುಳಿ ಪಾರಾಗಿದ್ದ, ಅಷ್ಟೇ. ಆ ಮುದುಕಿ ನಕ್ಕು, "ಮಾಷ್ಟ್ರೇ, ನೀವೂ ಸ್ವಲ್ಪ ಕಲಿಯಬೇಕು" ಎಂದರು. ಅಂದಿನಿಂದ ಅವರನ್ನು ನಾನೂ ತಾಯಿ ಎಂದೇ ಕರೆದೆ. ಎರಡು ಭಾಷೆಯಲ್ಲಿಯೂ ತಪ್ಪಾಗದ ಸಂಬೋಧನೆ ಅದು.

ಅವರ ಮನೆ ನನ್ನ ಕೋಣೆಗೆ ಹತ್ತಿರವೇ ಇತ್ತು. ಸಂಜೆ ಕಾಫಿಗೆ ಕರೆಯುವರು. ಮಳೆಗಾಲದಲ್ಲಿ ಒಲೆಯ ಮುಂದೆ ಕುಳಿತರೆ ಏಳುವ ಮನಸ್ಸಾಗದು. ಹೀಗೊಂದು ಸಂಜೆ ಅವರು ತಮ್ಮ ಬಾಲ್ಯದ ಮಾತಿನ ನಡುವೆ ನರಿ ಮಂಗಲದ ಹೆಸರೆತ್ತಿದರು. ಮಂಗಲವೆಂದರೆ ಮದುವೆಯೆಂದು ಅಷ್ಟರಲ್ಲಿ ತಿಳಿದಿತ್ತು. ಗುಳ್ಳೆನರಿಗೆ ಮದುವೆಯೇ ಎಂದು ನನಗೆ ನಗು ತಡೆಯಲಿಲ್ಲ. ಅವರು ನಗಲಿಲ್ಲ. ಕೊಡವರಲ್ಲಿ ನರಿ ಎಂದರೆ ಹುಲಿ. ಹಿಂದೆ ಹುಲಿಯನ್ನು ಕೊಂದ ವೀರನನ್ನು ಮದುವಣಿಗನಂತೆ ಸಿಂಗರಿಸಿ ಕೂರಿಸಿ, ಊರವರೆಲ್ಲ ಬಂದು ಹರಸುತ್ತಿದ್ದ ಆಚರಣೆ ನರಿ ಮಂಗಲ. ನಾನು ನಕ್ಕದ್ದು ಒಂದು ಊರಿನ ಶೌರ್ಯದ ನೆನಪನ್ನು ಕುರಿತು. ಪುಸ್ತಕದಲ್ಲಿ ಓದಿ ತಿದ್ದಿಕೊಂಡ ತಪ್ಪು ಮರೆತುಹೋಗುತ್ತದೆ. ಮರ್ಯಾದೆ ಹೋದ ಕಡೆ ಕಲಿತ ಮಾತು ಸಾಯುವವರೆಗೂ ಮರೆಯದು.

ಆದರೆ ನನ್ನ ಪಾಂಡಿತ್ಯ ಪೂರಾ ವ್ಯರ್ಥವಾಗಲಿಲ್ಲವೆಂದು ಹೇಳಿಕೊಳ್ಳಲೂ ಕಾರಣವಿದೆ. ನಾವು ಹಾಲು ಎನ್ನುವುದನ್ನು ಅವರು ಪಾಲ್ ಎನ್ನುವರು; ಹಂದಿ ಅವರಲ್ಲಿ ಪಂದಿ; ನಮ್ಮವರು ಹುತ್ತರಿ ಎನ್ನುವ ಸುಗ್ಗಿಯ ಹಬ್ಬ ಅವರಿಗೆ ಪುತ್ತರಿ, ಎಂದರೆ ಹೊಸ ಅಕ್ಕಿ. ಹಳಗನ್ನಡದ ಪಕಾರ ನಡುಗನ್ನಡ, ಹೊಸಗನ್ನಡಗಳಿಗೆ ಬರುವಾಗ ಹಕಾರವಾಯಿತೆಂದು ಮಕ್ಕಳಿಗೆ ಕರಿಹಲಗೆಯ ಮೇಲೆ ಬರೆದು ತೋರಿಸುತ್ತಿದ್ದ ನಾನು, ಆ ಪಕಾರ ಒಲೆಯ ಮುಂದೆ ಹಾಲು ಕಾಯಿಸುತ್ತ ಮಾತನಾಡುವುದನ್ನು ಕೇಳಿದೆ. ಹಳಗನ್ನಡವೂ ಕೊಡವ ಮಾತೂ ಒಂದೇ ಎಂದಲ್ಲ. ಅದು ಬೇರೆಯೇ ಭಾಷೆ. ಆದರೂ ಅಂದು ರಾತ್ರಿ ಪಂಪಭಾರತವನ್ನು ಬಿಡಿಸಿದಾಗ ಅದರ ಧ್ವನಿಯೇ ಬೇರೆಯಾಗಿ ಕೇಳಿಸಿತು.

ಹೀಗೆ ಊರೊಳಗೆ ಕುಳಿತು ಮಾತು ಕಲಿತವರಲ್ಲಿ ನಾನು ಮೊದಲಿಗನೂ ಅಲ್ಲ, ಹೆಚ್ಚಿನವನೂ ಅಲ್ಲ. ಕನ್ನಡನಾಡಿನಲ್ಲಿ ಇದಕ್ಕೆ ದೊಡ್ಡ ಇತಿಹಾಸವೇ ಇದೆ. ಜರ್ಮನಿಯ ವುರ್ಟೆಂಬರ್ಗ್ ಪ್ರಾಂತದ ಹರ್ಮನ್ ಮೋಗ್ಲಿಂಗ್ 1836ರಲ್ಲಿ ಮಂಗಳೂರಿಗೆ ಬಂದರು. ಏಳೇ ವರ್ಷದಲ್ಲಿ, 1843ರ ಜುಲೈ 1ರಂದು, ಅವರು 'ಮಂಗಳೂರ ಸಮಾಚಾರ'ವೆಂಬ ಪತ್ರಿಕೆಯನ್ನು ಹೊರಡಿಸಿದರು. ಕನ್ನಡದ ಮೊದಲ ವೃತ್ತಪತ್ರಿಕೆಯೆಂದು ನಾವು ಇಂದಿಗೂ ಆ ದಿನವನ್ನು ಪತ್ರಿಕಾ ದಿನವಾಗಿ ಆಚರಿಸುತ್ತೇವೆ. 'ಜೈಮಿನಿ ಭಾರತ', 'ಬಸವಪುರಾಣ', ದಾಸರ ಪದಗಳು ಮೊದಲಾದುವನ್ನು ಕಲ್ಲಚ್ಚಿನಲ್ಲಿ ಮುದ್ರಿಸಿದವರೂ ಅವರೇ. ಸ್ವದೇಶಕ್ಕೆ ಹಿಂದಿರುಗುವ ಯೋಚನೆಯಲ್ಲಿದ್ದವರನ್ನು ಕೊಡಗಿನ ಕಡೆಗೆ ತಿರುಗಿಸಿದವರು ಸೋಮಯ್ಯ ಎಂಬ ಕೊಡವರು. 1853ರಲ್ಲಿ ಮೋಗ್ಲಿಂಗ್ ಕೊಡಗಿಗೆ ಬಂದರು. ಎರಡು ವರ್ಷದಲ್ಲಿ ಕೊಡಗಿನ ಜನ, ರಾಜರು, ರೂಢಿಗಳನ್ನು ಕುರಿತು ಇಂಗ್ಲಿಷಿನಲ್ಲಿ 'ಕೂರ್ಗ್ ಮೆಮಾಯರ್ಸ್' ಎಂಬ ಪುಸ್ತಕವನ್ನು ಬರೆದರು. ದೊಡ್ಡ ವೀರರಾಜೇಂದ್ರನ ಕಾಲದ ಕನ್ನಡ ಚರಿತ್ರೆಯಾದ 'ರಾಜೇಂದ್ರನಾಮೆ'ಯನ್ನು 1857ರಲ್ಲಿ ಅಚ್ಚು ಮಾಡಿಸಿದರು. 1860ರಲ್ಲಿ ಈ ದೇಶವನ್ನು ಬಿಟ್ಟರು.

ಅವರ ಕಿರಿಯ ಸಹೋದ್ಯೋಗಿ ಫರ್ಡಿನಂಡ್ ಕಿಟ್ಟೆಲ್. 1853ರಲ್ಲಿ, ಇಪ್ಪತ್ತೊಂದರ ತರುಣನಾಗಿ ಇಳಿದವರು. ಜನರ ನಡುವೆ ಜನರಂತೆಯೇ ಇರಬೇಕೆಂಬ ಹಂಬಲ ಅವರದು. ಕಾಲ್ನಡಿಗೆಯಲ್ಲಿ ಊರೂರು ತಿರುಗಿದರು, ಇಲ್ಲಿಯ ನಡೆನುಡಿಯನ್ನು ಮಾತ್ರವಲ್ಲ, ಸಂಗೀತವನ್ನೂ ಕಲಿಯಲು ಹೆಣಗಿದರು. ಧಾರವಾಡ, ಮಂಗಳೂರು, ಮಡಿಕೇರಿ, ಹೀಗೆ ಕನ್ನಡದ ಬೇರೆ ಬೇರೆ ಬಾಯಿಗಳನ್ನು ಕೇಳಿದ ಕಿವಿ ಅದು. 1894ರಲ್ಲಿ ಹೊರಬಂದ ಅವರ ನಿಘಂಟಿನಲ್ಲಿ ಸುಮಾರು 70,000 ಶಬ್ದಗಳಿವೆ. ನಾವು ಕನ್ನಡ ಪಂಡಿತರು ಅದನ್ನು ತೆರೆಯುವುದು ಸಾಮಾನ್ಯವಾಗಿ ಹಳೆಯ ಕಾವ್ಯದ ಕಠಿಣ ಪದಕ್ಕಾಗಿ. ಆದರೆ ಪುಟ ತಿರುವುತ್ತ ಹೋದರೆ ಎಲ್ಲೆಲ್ಲೂ ಗಾದೆಗಳು, ಬೈಗುಳಗಳು, ಅಡುಗೆಮನೆಯ ಮಾತುಗಳು, ಹೊಲದ ಮಾತುಗಳು! ತಾಳೆಯೋಲೆಯಿಂದ ಬಂದುವಲ್ಲ ಅವು. ಯಾರೋ ಹೇಳಿದರು, ಇವರು ಬರೆದುಕೊಂಡರು.

ಆ ಯಾರೋ ಯಾರು? ಕಿಟ್ಟೆಲರ ಪ್ರತಿಮೆ ಬೆಂಗಳೂರಿನಲ್ಲಿದೆ. ಮೋಗ್ಲಿಂಗರಿಗೆ 1858ರಲ್ಲಿ ಟ್ಯೂಬಿಂಗನ್ ವಿಶ್ವವಿದ್ಯಾಲಯ ಡಾಕ್ಟರ್ ಪದವಿಯನ್ನಿತ್ತಿತು, ಕಿಟ್ಟೆಲರಿಗೂ ಮುಂದೆ ಅದೇ ಗೌರವ ಬಂತು. ಅವರ ನಾಲಗೆ ತಿದ್ದಿದ ಊರಗೌಡರು, ನೀರಿನ ಕಟ್ಟೆಯ ಹೆಂಗಸರು, ಕೂಲಿಯಾಳುಗಳಲ್ಲಿ ಎಷ್ಟು ಮಂದಿಯ ಹೆಸರು ನಮಗೆ ಗೊತ್ತು? 1867ರಲ್ಲಿ ಕೊಡಗಿನ ಸೂಪರಿಂಟೆಂಡೆಂಟರಾಗಿದ್ದ ಕ್ಯಾಪ್ಟನ್ ಕೋಲ್ ಎಂಬವರು ಕೊಡವ ಭಾಷೆಗೆ ಒಂದು ಚಿಕ್ಕ ವ್ಯಾಕರಣವನ್ನು ಬೆಂಗಳೂರಿನಲ್ಲಿ ಅಚ್ಚು ಮಾಡಿಸಿದರು. ಆ ಮಾತಿಗೆ ಅಚ್ಚಿನ ಮುಖ ತೋರಿಸಿದ ಮೊದಮೊದಲ ಪುಸ್ತಕಗಳಲ್ಲಿ ಅದೊಂದು. ದಂಡಾಧಿಕಾರಿಯೊಬ್ಬನಿಗೆ ವಿಭಕ್ತಿ ಪ್ರತ್ಯಯ ಹೇಳಿಕೊಟ್ಟವರು ಎಷ್ಟು ಸಂಜೆ ಕುಳಿತಿದ್ದಿರಬೇಕು! ಮಡಿಕೇರಿಯ ಶಾಲೆಯಲ್ಲಿದ್ದ ರಿಕ್ಟರ್ 1870ರಲ್ಲಿ ಕೊಡಗಿನ ಕೈಪಿಡಿಯನ್ನು ಬರೆದರು. ಅದರ ವಿಷಯವೂ ಹಾಗೆಯೇ.

ಇಪ್ಪತ್ತನೆಯ ಶತಮಾನದಲ್ಲಿ ಈ ಕೆಲಸಕ್ಕೆ ಮತ್ತೊಬ್ಬರು ಬಂದರು. ಕೆನಡಾ ದೇಶದಲ್ಲಿ ಹುಟ್ಟಿ, ಅಮೆರಿಕದಲ್ಲಿ ಸಂಸ್ಕೃತವನ್ನೂ ಭಾಷಾಶಾಸ್ತ್ರವನ್ನೂ ಓದಿದ ಎಮೆನೋ ಅವರು 1935ರಿಂದ 1938ರವರೆಗೆ ದಕ್ಷಿಣ ಭಾರತದಲ್ಲಿದ್ದರು. ನೀಲಗಿರಿಯ ತೋಡ, ಕೋತ, ಬಡಗ ನುಡಿಗಳೊಡನೆ ಕೊಡವ ನುಡಿಯನ್ನೂ ಕಿವಿಯಾರೆ ಕೇಳಿ ಬರೆದುಕೊಂಡರು. ಕೊಡವರ ಬಂಧುತ್ವ, ಮದುವೆಗಳನ್ನು ಕುರಿತು 1938ರಲ್ಲಿಯೇ ಲೇಖನವನ್ನು ಪ್ರಕಟಿಸಿದರು. ಮುಂದೆ ಬರೋ ಅವರೊಡನೆ ಸೇರಿ 1961ರಲ್ಲಿ ಹೊರತಂದ ದ್ರಾವಿಡ ಜ್ಞಾತಿಪದಕೋಶದಲ್ಲಿ ಕೊಡವ ಪದಗಳು ತಮಿಳು ಕನ್ನಡಗಳ ಪಕ್ಕದಲ್ಲಿ ಸರಿಸಮನಾಗಿ ಕುಳಿತಿವೆ. ಮೈಸೂರಿನ ಗ್ರಂಥಾಲಯವೊಂದರಲ್ಲಿ ಆ ಕೋಶವನ್ನು ತೆರೆದು ನಾನು ಮೊದಲು ಹುಡುಕಿದ ಪದ ಯಾವುದೆಂದು ವಾಚಕರು ಊಹಿಸಬಹುದು. ನರಿ ಅಲ್ಲಿಯೂ ಕೊಡಗಿನಲ್ಲಿ ಹುಲಿಯಾಗಿಯೇ ಇತ್ತು.

ಎಮೆನೋ ಅವರಲ್ಲಿ ನನಗೆ ಮೆಚ್ಚುಗೆಯಾದ ಸಂಗತಿ ಬೇರೆಯೊಂದಿದೆ. 1944ರಿಂದ 1946ರವರೆಗೆ ಅವರು ಪ್ರಕಟಿಸಿದ ಕೋತ ಕಥೆಗಳ ಹಿಂದಿರುವ ಕಥೆಗಾರನ ಹೆಸರು ಲೋಕಕ್ಕೆ ಗೊತ್ತು: ಸುಳ್ಳಿ. ಆತ ಕೋತರವನು, ತಾನೂ ಒಬ್ಬ ಉಪಾಧ್ಯಾಯ. ಆತನನ್ನು ಕುರಿತು ಮ್ಯಾಂಡೆಲ್‌ಬಾಮ್ ಎಂಬ ಇನ್ನೊಬ್ಬ ವಿದ್ವಾಂಸರು ಪ್ರತ್ಯೇಕ ಪ್ರಬಂಧವನ್ನೇ ಬರೆದಿದ್ದಾರೆ. ಶಿಷ್ಯ ಜಗತ್ಪ್ರಸಿದ್ಧನಾದಾಗ ಗುರುವಿನ ಹೆಸರೂ ಉಳಿದ ಅಪರೂಪದ ಪ್ರಸಂಗವಿದು.

ಇದೇ ಸಮಯಕ್ಕೆ ಸರಿಯಾಗಿ, ಸಮುದ್ರಗಳಾಚೆ ಜಪಾನಿನಲ್ಲಿ, ಇಂಥದೇ ಇನ್ನೊಂದು ಪಾಠ ನಡೆಯುತ್ತಿತ್ತು. 1935ರ ಕೊನೆಯಿಂದ ಸುಮಾರು ಒಂದು ವರ್ಷ ಜಾನ್ ಎಂಬ್ರೀ ಎಂಬ ಅಮೆರಿಕದ ವಿದ್ವಾಂಸರು ಪತ್ನಿಯೊಡನೆ ಕ್ಯೂಷು ದ್ವೀಪದ ಸುಯೆ ಎಂಬ ಹಳ್ಳಿಯಲ್ಲಿ ಬಿಡಾರ ಮಾಡಿದರು. ಅದೂ ಭತ್ತದ ಊರು. ನಾಟಿಯ ಕಾಲದಲ್ಲಿ ಇಂದು ನಿಮ್ಮ ಗದ್ದೆಗೆ ನಾವು, ನಾಳೆ ನಮ್ಮ ಗದ್ದೆಗೆ ನೀವು ಎಂಬ ಮುಯ್ಯಾಳಿನ ಪದ್ಧತಿ ಅಲ್ಲಿಯೂ ಉಂಟು. ಅವರು ಅದನ್ನು ಕತ್ತರಿ ಎನ್ನುವರಂತೆ. ಮನೆಮನೆ ಸೇರಿ ಕಟ್ಟುವ ಚೀಟಿಯೂ ಉಂಟು. ಎಂಬ್ರೀಯವರಿಗೆ ಜಪಾನೀ ಭಾಷೆ ಅಷ್ಟಾಗಿ ಬಾರದು, ದುಭಾಷಿಯನ್ನಿಟ್ಟುಕೊಂಡಿದ್ದರು. ಆದರೆ ಪತ್ನಿ ಎಲ್ಲಾ ಜಪಾನಿನಲ್ಲಿಯೇ ಬೆಳೆದವರು, ಆ ಮಾತು ಅವರಿಗೆ ಸರಾಗ. ಗಂಡಸರು ಊರಿನ ವ್ಯವಸ್ಥೆಯನ್ನು ದುಭಾಷಿಯ ಮೂಲಕ ವಿವರಿಸುತ್ತಿದ್ದಾಗ, ಹೆಂಗಸರು ಎಲ್ಲಾರ ಎದುರಿಗೆ ತಮ್ಮ ಮದುವೆ, ಮುರಿದ ಮನಸ್ಸು, ಮಕ್ಕಳು, ಕುಡಿತ, ನಗೆಚಾಟಿಕೆ ಎಲ್ಲವನ್ನೂ ಬಿಚ್ಚಿಡುತ್ತಿದ್ದರು. ಗಂಡನ ಗ್ರಂಥ 1939ರಲ್ಲಿ ಬಂತು, ಹೆಸರಾಯಿತು. ಹೆಂಡತಿಯ ದಿನಚರಿ ಪುಸ್ತಕವಾಗಿ ಹೊರಬರಲು 1982ರವರೆಗೆ ಕಾಯಬೇಕಾಯಿತು. ಜಪಾನಿನ ಹಳ್ಳಿಯ ಹೆಂಗಸಿನ ಬಾಳನ್ನು ತಿಳಿಯಬೇಕೆನ್ನುವವರು ಇಂದು ಹುಡುಕುವುದು ಆ ಎರಡನೆಯ ಪುಸ್ತಕವನ್ನು.

ಜಪಾನಿನ ಮಾತು ಬಂದದ್ದರಿಂದ ಇನ್ನೊಂದು ಹಳೆಯ ಕಥೆ. ಪೋರ್ತುಗಲ್ ದೇಶದ ಜೊವಾಂ ರೊದ್ರಿಗಿಶ್ ಎಂಬ ಹುಡುಗ 1577ರಲ್ಲಿ, ಹದಿನೈದು ಹದಿನಾರರ ವಯಸ್ಸಿನಲ್ಲಿ, ಜಪಾನಿಗೆ ಬಂದು ಅಲ್ಲಿಯೇ ಬೆಳೆದ. ಓದಿಗಿಂತ ಒಡನಾಟದಿಂದ ಕಲಿತ ಮಾತು ಅವನದು. ಎಷ್ಟು ಚೆನ್ನಾಗಿ ಕಲಿತನೆಂದರೆ ದೇಶವನ್ನಾಳಿದ ಹಿದೆಯೋಷಿಯ ಎದುರಿಗೆ ದುಭಾಷಿಯಾಗಿ ನಿಂತ. 1604ರಿಂದ 1608ರೊಳಗೆ ನಾಗಸಾಕಿಯಲ್ಲಿ ಜಪಾನೀ ಭಾಷೆಯ ದೊಡ್ಡ ವ್ಯಾಕರಣವನ್ನು ಅಚ್ಚು ಹಾಕಿಸಿದ. 1620ರಲ್ಲಿ ಮಕಾವಿನಲ್ಲಿ ಅಚ್ಚಾದ ಚಿಕ್ಕ ವ್ಯಾಕರಣದಲ್ಲಿ ಅವನು ಭಾಷೆ ಕಲಿಯುವ ಎರಡು ದಾರಿಗಳನ್ನು ವಿವೇಚಿಸುತ್ತಾನೆ: ಜನರೊಡನೆ ಬೆರೆತು ಕಲಿಯುವುದೊಂದು, ಗುರುವಿನ ಹತ್ತಿರ ಗ್ರಂಥಗಳ ಮೂಲಕ ಕಲಿಯುವುದಿನ್ನೊಂದು. ಬೀದಿಯಲ್ಲಿ ಕಲಿತ ಮನುಷ್ಯ ಒಳ್ಳೆಯ ಗುರುವೂ ಒಳ್ಳೆಯ ಗ್ರಂಥವೂ ಬೇಕೆಂದು ಹೇಳುವುದನ್ನು ಕಂಡು, ಸಂಬಳಕ್ಕೆ ಪಾಠ ಹೇಳುವ ನನ್ನಂಥವನಿಗೆ ತುಸು ಸಮಾಧಾನವಾದದ್ದನ್ನು ಮುಚ್ಚಿಡಲಾರೆ.

ಕೊಡಗಿಗೆ ಮರಳೋಣ. ಪರದೇಶದವರ ಮಾತಾಯಿತು, ಊರಿನವರೇ ಊರ ಬಾಯಿಗೆ ಕಿವಿಗೊಟ್ಟ ಕಥೆ ಇವೆಲ್ಲಕ್ಕಿಂತ ದೊಡ್ಡದು. ನಡಿಕೇರಿಯಂಡ ಚಿಣ್ಣಪ್ಪನವರು ದುಡಿ ಬಡಿದು ಹಾಡುವವರ ಬಾಯಿಂದ ಮದುವೆಯ ಹಾಡು, ಸಾವಿನ ಹಾಡು, ಹಬ್ಬದ ಹಾಡು, ಗಾದೆ, ಒಗಟುಗಳನ್ನು ಕೇಳಿ ಬರೆದುಕೊಂಡು, 1924ರಲ್ಲಿ 'ಪಟ್ಟೋಲೆ ಪಳಮೆ'ಯನ್ನು ಕನ್ನಡ ಲಿಪಿಯಲ್ಲಿ ಪ್ರಕಟಿಸಿದರು. ಅವರು ಕೊಡವರೇ ಆದರೂ ಹೋಗಿ ಕುಳಿತು ಕೇಳಿಯೇ ಸಂಗ್ರಹಿಸಬೇಕಾಯಿತು. ಹರದಾಸ ಅಪ್ಪಚ್ಚ ಕವಿಗಳು ಅದಕ್ಕೂ ಮೊದಲೇ ಆ ಮಾತಿನಲ್ಲಿ ನಾಟಕಗಳನ್ನು ಬರೆದಿದ್ದರು. ಆ ನುಡಿಯಲ್ಲಿ ನಮ್ಮ ಲಿಪಿಗೆ ಸಿಕ್ಕದ ಸ್ವರಗಳುಂಟು, ಬಾಯಿ ಅರೆ ತೆರೆದು ನಾಲಗೆಯನ್ನು ಒಳಗೆಳೆದು ಹೇಳುವಂಥವು. ನಾನು ಬರೆದುಕೊಂಡುದನ್ನು ಓದಿ ತೋರಿಸಿದರೆ ತಾಯಿ ತಲೆಯಾಡಿಸುತ್ತಿದ್ದರು. ಅಕ್ಷರ ಸರಿ, ಮಾತು ತಪ್ಪು. 1940ರ ಸುಮಾರಿನಲ್ಲಿ ಕೊಡವರ ಅಧ್ಯಯನಕ್ಕೆ ಬಂದ ಮೈಸೂರಿನ ಎಂ. ಎನ್. ಶ್ರೀನಿವಾಸರಿಗೂ 'ಪಟ್ಟೋಲೆ ಪಳಮೆ' ಆಧಾರವಾಯಿತು. 1952ರ ಅವರ ಗ್ರಂಥ ಇಂದು ಲೋಕಪ್ರಸಿದ್ಧ.

ಈ ಕಲಿಕೆಯಲ್ಲೊಂದು ಕಹಿಯೂ ಇದೆ. ಅದನ್ನು ಬಿಟ್ಟರೆ ಹೇಳಿದ್ದು ಅರ್ಧವಾದೀತು. ನಾಟಿಯ ಒಂದು ದಿನ ಗದ್ದೆಯ ಬದುವಿನ ಮೇಲೆ ನಿಂತಿದ್ದೆ. ಕೊಪ್ಪೆ ಹೊದೆದು ಪೈರು ನೆಡುತ್ತಿದ್ದ ಎರವರ ಹೆಂಗಸೊಬ್ಬಳು ಗದ್ದೆಯವರೊಡನೆ ಕೊಡವ ಮಾತಾಡಿದಳು, ನನ್ನೊಡನೆ ಕನ್ನಡ ಆಡಿದಳು, ಪಕ್ಕದವಳೊಡನೆ ತನ್ನದೇ ಮಾತಿನಲ್ಲಿ ಏನೋ ಹೇಳಿ ನಕ್ಕಳು. ಅವಳೇನು ಹೇಳಿದಳೆಂದು ಬದುವಿನ ಮೇಲಿದ್ದವರನ್ನು ಕೇಳಿದೆ, ಯಾರಿಗೂ ತಿಳಿಯದು. ತಲೆಮಾರುಗಳಿಂದ ಅದೇ ಗದ್ದೆಯಲ್ಲಿ ಒಟ್ಟಿಗಿದ್ದವರು ಅವರು. ಜೀತವನ್ನು ಕಾಯಿದೆ ತೆಗೆದುಹಾಕಿದ್ದು 1976ರಲ್ಲಿ. ಅದಕ್ಕೆ ಮೊದಲು ಆಳಿನ ಮಾತನ್ನು ಒಡೆಯ ಕಲಿಯಬೇಕಾದ ಕಾರಣವೇ ಇರಲಿಲ್ಲ. ಒಡನಾಟವೊಂದರಿಂದಲೇ ಮಾತು ಬರುತ್ತದೆನ್ನುವುದು ಪೂರಾ ನಿಜವಲ್ಲ. ಯಾರಿಗೆ ಯಾರ ಹಂಗು ಎಂಬುದೂ ನಾಲಗೆಯನ್ನು ತಿರುಗಿಸುತ್ತದೆ. ಮೂರು ಭಾಷೆ ಬಲ್ಲ ಆ ಹೆಂಗಸನ್ನು ನಮ್ಮ ಜನಗಣತಿ ಅನಕ್ಷರಸ್ಥಳೆಂದು ಬರೆದುಕೊಂಡಿರಬೇಕು.

ನಾನು ಕಲಿತದ್ದರಲ್ಲಿ ಬಹಳ ದಿನ ಕೈಗೆ ಸಿಕ್ಕದೆ ಹೋದದ್ದು ಒಂದು ಪುಟ್ಟ ಸರ್ವನಾಮ. ಕನ್ನಡದಲ್ಲಿ 'ನಾವು' ಎಂದರೆ ಎದುರಿಗಿರುವವನು ಸೇರಿದನೋ ಇಲ್ಲವೋ ತಿಳಿಯುವುದಿಲ್ಲ. ಕೊಡವ ಮಾತಿನಲ್ಲಿ ಎಂಗ ಎಂದರೆ ನಿನ್ನನ್ನು ಬಿಟ್ಟು ನಾವು. ನಂಗ ಎಂದರೆ ನೀನೂ ಸೇರಿದಂತೆ ನಾವು. ತುಳುವಿನ ಎಂಕುಲು, ನಮ ಎಂಬವೂ ಹಾಗೆಯೇ. ತಮಿಳು ಮಲೆಯಾಳಗಳಲ್ಲಿಯೂ ಈ ಭೇದವುಂಟು. ನಮ್ಮಲ್ಲಿ ಅಳಿಸಿಹೋಯಿತು. ಇದನ್ನು ನಾನು ಭಾಷಾಶಾಸ್ತ್ರದ ಪುಸ್ತಕದಲ್ಲಿ ಓದಿ ಪರೀಕ್ಷೆಯಲ್ಲಿ ಬರೆದು ಅಂಕ ಪಡೆದಿದ್ದೆ. ಆದರೂ ಮಾತಿನ ಭರದಲ್ಲಿ ಎರಡನ್ನೂ ಅದಲುಬದಲು ಮಾಡುತ್ತಿದ್ದೆ. ಊಟಕ್ಕೆ ಹೊರಟಾಗ ಎಂಗ ಎಂದುಬಿಟ್ಟರೆ ಎದುರಿನವರನ್ನು ಬಾಗಿಲಲ್ಲೇ ನಿಲ್ಲಿಸಿದಂತೆ! ತಾಯಿ ನನ್ನೊಡನೆ ಆಡುವಾಗ ತಮ್ಮ ಊರನ್ನು ಎಂಗಡ ಊರ್ ಎನ್ನುತ್ತಿದ್ದರು. ಅದರಲ್ಲಿ ಅನಾದರವೇನೂ ಇರಲಿಲ್ಲ, ವ್ಯಾಕರಣವಷ್ಟೇ. ನಾಲ್ಕನೆಯದೋ ಐದನೆಯದೋ ವರ್ಷದ ಪುತ್ತರಿಯಂದು, ಕದಿರು ತಂದು ಮನೆಯೊಳಗೆ ಕಟ್ಟಿದ ಮೇಲೆ, ನನಗೆ ಪಾಯಸ ಬಡಿಸುತ್ತ ಮಳೆಯ ವಿಷಯ ಹೇಳುವಾಗ ನಂಗಡ ಊರ್ ಎಂದರು. ಅವರು ಅದನ್ನು ಗಮನಿಸಿದಂತೆ ಕಾಣಲಿಲ್ಲ. ನಾನು ಎಲೆಯ ಮೇಲೆ ಕೈಯಿಟ್ಟು ಸುಮ್ಮನೆ ಕುಳಿತುಬಿಟ್ಟೆ.

ಈಗ ಅವರಿಲ್ಲ. ಮೊಮ್ಮಗ ಬೆಂಗಳೂರಿನಲ್ಲಿ ಕೆಲಸದಲ್ಲಿದ್ದಾನೆ. ಅವನ ಮಗಳು ಮನೆಯಲ್ಲಿ ಕನ್ನಡ ಇಂಗ್ಲಿಷುಗಳನ್ನು ಬೆರೆಸಿ ಆಡುತ್ತಾಳೆ, ಕೊಡವ ಮಾತು ಅರ್ಥವಾಗುತ್ತದೆ, ನಾಲಗೆಗೆ ಬಾರದು. 2001ರ ಜನಗಣತಿಯಲ್ಲಿ ಕೊಡವ ನುಡಿಯನ್ನು ತಾಯ್ನುಡಿಯೆಂದು ಬರೆಸಿದವರು 1,66,187, 2011ರಲ್ಲಿ 1,13,857. ಹತ್ತು ವರ್ಷದಲ್ಲಿ ಐವತ್ತು ಸಾವಿರ ಜನ ಆ ನುಡಿಯನ್ನು ಬಿಟ್ಟರೋ, ಗಣತಿಯವನು ಕನ್ನಡವೆಂದು ಬರೆದುಕೊಂಡನೋ, ಏನೇ ಆಗಿರಲಿ, ಅಂಕೆ ಇಳಿದಿದೆ. ವ್ಯಾಕರಣಗಳಿವೆ, ಕೋಶಗಳಿವೆ, ಆಕಾಶವಾಣಿಯ ಮಡಿಕೇರಿ ಕೇಂದ್ರದಿಂದ ಕೊಡವ ನುಡಿಯಲ್ಲಿ ಕಾರ್ಯಕ್ರಮಗಳು ಬರುತ್ತವೆ. ಆದರೆ ತಪ್ಪು ಮಾತಾಡಿದ ಮಗುವನ್ನು ನೋಡಿ ನಗುವ ಅಜ್ಜಿ ಪಕ್ಕದಲ್ಲಿರಬೇಕಲ್ಲ.

ಕಳೆದ ಬೇಸಿಗೆಯಲ್ಲಿ ಹಳೆಯ ಪೆಟ್ಟಿಗೆಯನ್ನು ತೆಗೆದಾಗ ಅಂದಿನ ನನ್ನ ಎರಡು ನೋಟುಪುಸ್ತಕಗಳು ಸಿಕ್ಕಿದವು. ಮಳೆಯ ತೇವಕ್ಕೆ ಅಂಚು ಕಪ್ಪಾಗಿದೆ. ಬೈಂಬಳೆ, ಕಕ್ಕಡ, ಐನ್‌ಮನೆ, ಹೀಗೆ ಪದ, ಎದುರಿಗೆ ಅರ್ಥ, ಕೆಳಗೆ ಪ್ರಯೋಗ, ಅಲ್ಲಲ್ಲಿ ಕೇಶಿರಾಜನ ಸೂತ್ರದ ಸಂಖ್ಯೆ. ಪಂಡಿತನಿಗೆ ತಕ್ಕ ಅಚ್ಚುಕಟ್ಟು. ಮೊದಲ ಪುಟದಲ್ಲಿ ದುಂಡಗೆ ನನ್ನ ಹೆಸರಿದೆ. ಎರಡು ಪುಸ್ತಕವನ್ನೂ ಕೊನೆಯವರೆಗೆ ಮಗುಚಿ ನೋಡಿದೆ, ಅವರ ಹೆಸರು ಎಲ್ಲಿಯೂ ಇರಲಿಲ್ಲ. ಮೊಮ್ಮಗನಿಗೆ ಫೋನು ಮಾಡಿ, ತಾಯಿಯ ಪೂರ್ತಿ ಹೆಸರನ್ನು, ತವರಿನ ಮನೆತನದ ಹೆಸರು ಸಹಿತ, ಕೇಳಿದೆ. ಅವನಿಗೂ ತಟ್ಟನೆ ಹೇಳಲಾಗಲಿಲ್ಲ. ಅವ್ವನನ್ನು ಕೇಳಿ ಅರ್ಧ ಗಂಟೆಯ ಮೇಲೆ ತಿಳಿಸಿದ. ನನ್ನ ಹೆಸರಿನ ಮೇಲೆ ಜಾಗವಿತ್ತು, ಅಲ್ಲಿ ಬರೆದೆ.